ಮಾಮೂಲಿ ಸವೆತ

ಕಾರ್ಖಾನೆಯಲ್ಲಿ ಅವಳನ್ನು ಎದುರಿಗೆ ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ಮಾಮೂಲಮ್ಮ. ಹೊಸದಾಗಿ ಸೇರಿದವರು ಆ ಹೆಸರು ಕೇಳಿ, ಕೈ ಬಿಸಿ ಮಾಡದಿದ್ದರೆ ಈಕೆಯ ಹತ್ತಿರ ಕೆಲಸ ಆಗುವುದಿಲ್ಲ ಎಂದು ಅರ್ಥ ಮಾಡಿಕೊಳ್ಳುತ್ತಿದ್ದರು. ಸರಕು ತಂದ ಲಾರಿಯ ಚಾಲಕನೊಬ್ಬ ಒಮ್ಮೆ ಮಡಚಿದ ನೋಟನ್ನು ಅವಳ ಮೇಜಿನ ಮೇಲೆ ಸರಿಸಿ, ಜನ್ಮಕ್ಕಾಗುವಷ್ಟು ಬೈಸಿಕೊಂಡು ಹೋಗಿದ್ದ. ಹೆಸರು ಬಂದದ್ದು ಲಂಚದಿಂದಲ್ಲ, ಸೀಲಿನಿಂದ. ಅವಳ ಮೇಜಿನ ಮೇಲಿದ್ದ ರಬ್ಬರ್ ಸೀಲಿನಲ್ಲಿ ‘ಮಾಮೂಲಿ ಬಳಕೆಯ ಸವೆತ, ವಾರಂಟಿ ಅನ್ವಯಿಸುವುದಿಲ್ಲ’ ಎಂದಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಆ ಸೀಲಿನ ರಬ್ಬರೇ ಮೂರು ಸಲ ಸವೆದು, ಹೊಸದನ್ನು ತರಿಸಬೇಕಾಗಿ ಬಂದಿತ್ತು.

ಅದು ಮೌಂಟನ್ ಬೈಕುಗಳ ಬಿಡಿಭಾಗ ಮಾಡುವ ಕಾರ್ಖಾನೆ. ಹ್ಯಾಂಡಲ್ಲು, ಪೆಡಲ್ಲು, ಪೆಡಲನ್ನು ತುದಿಯಲ್ಲಿ ಹೊತ್ತು ತಿರುಗುವ ಕ್ರ್ಯಾಂಕು, ಇಂಥವು. ಕೊಂಡು ಎರಡು ವರ್ಷದೊಳಗೆ ಏನಾದರೂ ಕೆಟ್ಟರೆ ಗಿರಾಕಿ ಅದನ್ನು ವಾಪಸು ಕಳಿಸಬಹುದಿತ್ತು. ಕಳಿಸಿದ್ದೆಲ್ಲ ನೆಲಮಹಡಿಯ ಹಿಂಬದಿಯಲ್ಲಿದ್ದ ಅವಳ ಕೋಣೆಗೆ ಬರುತ್ತಿತ್ತು. ಒಂದು ಕಿಟಕಿ, ಒಂದು ಬಿಳಿ ದೀಪ, ಹಿಡಿ ಇರುವ ಭೂತಗನ್ನಡಿ, ಸ್ಪಿರಿಟ್ಟಿನ ಸೀಸೆ, ಹಳೆ ಹತ್ತಿಬಟ್ಟೆಯ ತುಂಡುಗಳು. ಮೂಲೆಯ ಬೀರುವಿನಲ್ಲಿ ಕೆಂಪು ಬಣ್ಣದ ಒಂದು ಡಬ್ಬಿಯೂ ಇತ್ತು. ಅನುಮಾನ ಬಂದ ಸಾಮಾನಿಗೆ ಆ ಕೆಂಪು ನೀರು ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಉದುರಿಸಿ ಇಪ್ಪತ್ತು ನಿಮಿಷ ಕಾದರೆ, ಬಿರುಕಿದ್ದ ಕಡೆ ಪುಡಿಯ ಮೇಲೆ ರಕ್ತ ಜಿನುಗಿದ ಹಾಗೆ ಕೆಂಪು ಗೆರೆ ಮೂಡುತ್ತಿತ್ತು. ಆ ಡಬ್ಬಿಯ ಮುಚ್ಚಳ ತುಕ್ಕು ಹಿಡಿದು ಕೂತಿತ್ತು. ದಿನಕ್ಕೆ ನಲವತ್ತು ಸಾಮಾನು ನೋಡಿ ಮುಗಿಸಬೇಕಾದ ಕಡೆ ಇಪ್ಪತ್ತು ನಿಮಿಷ ಯಾರ ಹತ್ತಿರ ಬಿದ್ದಿರುತ್ತದೆ? ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಅನುಮಾನ ಬರುತ್ತಿರಲಿಲ್ಲ.

ಬರುತ್ತಿದ್ದುದರಲ್ಲಿ ನೂರಕ್ಕೆ ತೊಂಬತ್ತು ಬರೀ ಮೇಲ್ಮೈಯ ಗೋಳು. ಶೂ ತಾಗಿ ತಾಗಿ ಕ್ರ್ಯಾಂಕಿನ ಕಪ್ಪು ಹೋಗಿ ಒಳಗಿನ ಬಿಳಿ ಲೋಹ ಕಾಣಿಸುತ್ತಿತ್ತು. ಕಲ್ಲಿಗೆ ಬಡಿದ ಪೆಡಲಿನ ಅಂಚು ಇಲಿ ಕಡಿದ ಹಾಗಿರುತ್ತಿತ್ತು. ಬಿಸಿಲಿಗೆ ಕಪ್ಪು ಹ್ಯಾಂಡಲ್ ನೇರಳೆಗೆ ತಿರುಗಿರುತ್ತಿತ್ತು. ಇಷ್ಟಕ್ಕೇ ಜನ ಮನೆಯ ಮಾಡೇ ಹಾರಿಹೋದ ಹಾಗೆ ಪುಟಗಟ್ಟಲೆ ಕಾಗದ ಬರೆದು, ಹೊಸ ಸಾಮಾನು ಕೊಡಿ ಎಂದು ಕೇಳುತ್ತಿದ್ದರು. ಅವಳಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. “ಓಡಿಸಿದ್ರೆ ಸವೆಯುತ್ತೆ. ಸವೆಯಬಾರದು ಅಂದ್ರೆ ಗಾಜಿನ ಬೀರುವಲ್ಲಿಟ್ಟು ನೋಡ್ತಾ ಕೂತ್ಕೋಬೇಕು,” ಎಂದು ಗೊಣಗುತ್ತಾ ಫೈಲಿಗೆ ಸೀಲು ಒತ್ತಿ, ಸಾಮಾನನ್ನು ಇದ್ದ ಹಾಗೇ ಗಿರಾಕಿಗೆ ವಾಪಸು ಕಳಿಸುತ್ತಿದ್ದಳು. ಒತ್ತುವಾಗ ಅವಳಿಗೆ ಒಂದು ಸಣ್ಣ ಸುಖವೂ ಇತ್ತು ಎಂಬುದನ್ನು ಹೇಳದೆ ಬಿಟ್ಟರೆ ಕತೆ ಸುಳ್ಳಾಗುತ್ತದೆ.

ಅವಳ ಅಪ್ಪ ಅದೇ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗಿದ್ದವನು. ಹತ್ತೊಂಬತ್ತನೇ ವಯಸ್ಸಿಗೆ ಅವಳು ಬಣ್ಣದ ವಿಭಾಗ ಸೇರಿದಳು. ಆಸಿಡ್ಡಿನ ತೊಟ್ಟಿಗಳ ಪಕ್ಕ ನಿಂತು ಕೊಕ್ಕೆಗಳಿಗೆ ಸಾಮಾನು ನೇತುಹಾಕುವ ಕೆಲಸ. ಹನ್ನೆರಡು ವರ್ಷ ಆ ಹೊಗೆ ಕುಡಿದು ಮೂಗಿಗೆ ವಾಸನೆಯೇ ಹತ್ತದ ಹಾಗಾಯಿತು, ಕಣ್ಣು ಮಾತ್ರ ಚುರುಕಾಗಿ ಉಳಿಯಿತು. ಒಂದು ದಿನ ನೂರಾರು ಹ್ಯಾಂಡಲ್ಲುಗಳ ನಡುವೆ ಒಂದನ್ನು ತೆಗೆದು, “ಇದು ಬಣ್ಣ ಎರಡು ನಿಮಿಷ ಕಮ್ಮಿ ಕುಡಿದಿದೆ,” ಎಂದಳು. ಮೇಸ್ತ್ರಿ ನಕ್ಕು ಅಳತೆ ಮಾಡಿಸಿದ, ಹೌದಾಗಿತ್ತು. ಆಮೇಲೆ ಅವಳನ್ನು ವಾಪಸು ಬಂದ ಮಾಲಿನ ಕೋಣೆಗೆ ಹಾಕಿದರು. ಗಂಡ ಅನ್ನಿಸಿಕೊಂಡವನು ಮದುವೆಯಾದ ನಾಲ್ಕನೇ ವರ್ಷ ಕೆಲಸ ಹುಡುಕಿಕೊಂಡು ಪರವೂರಿಗೆ ಹೋದವನು, ಅಲ್ಲಿ ಕೆಲಸದ ಜೊತೆ ಇನ್ನೊಂದು ಸಂಸಾರವನ್ನೂ ಹುಡುಕಿಕೊಂಡ. ಹಾಗಾಗಿ ಅವಳು ಅಕ್ಕನ ಜೊತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಅಕ್ಕ ಮೂಳೆ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸಾಗಿ ನಿವೃತ್ತಳಾದವಳು, ನಾಲಿಗೆ ಮೇಲೆ ಬ್ಯಾಂಡೇಜು ಸುತ್ತಿಕೊಳ್ಳದೆ ಮಾತಾಡುವವಳು.

ಇಷ್ಟು ಜೀವನದಲ್ಲಿ ಅವಳಿಗೆ ತನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಆ ಕಣ್ಣು ಒಂದೇ. ಗೀರು ಯಾವುದು, ಬಿರುಕು ಯಾವುದು ಎಂದು ಅವಳು ಹೇಳಿದರೆ ಅದೇ ಕೊನೆಯ ಮಾತು. ಆರಂಭದಲ್ಲಿ ಗಿರಾಕಿಗಳ ಕಾಗದ ಓದಿ ಆಮೇಲೆ ಸಾಮಾನು ನೋಡುತ್ತಿದ್ದಳು. ಐದಾರು ವರ್ಷದಲ್ಲಿ ಕಾಗದಗಳೆಲ್ಲ ಒಂದೇ ಬಗೆಯ ಸುಳ್ಳು ಅನ್ನಿಸತೊಡಗಿತು. ‘ಒಮ್ಮೆಯೂ ಬೀಳಿಸಿಲ್ಲ’, ‘ಮಗುವಿನ ಹಾಗೆ ನೋಡಿಕೊಂಡಿದ್ದೇನೆ’. ಸಾಮಾನು ನೋಡಿದರೆ ಬಂಡೆಯಿಂದ ಬಂಡೆಗೆ ಉರುಳಿಸಿದ ಗುರುತು. ಕ್ರಮೇಣ ಓದುವುದನ್ನೇ ಬಿಟ್ಟಳು. ಲಕೋಟೆಯನ್ನು ಒಡೆಯದೆ ಫೈಲಿಗೆ ಪಿನ್ ಮಾಡಿ, ಫೋಟೊ ತೆಗೆದು, ಸೀಲು ಒತ್ತಿ ಮುಂದಿನದಕ್ಕೆ ಕೈ ಹಾಕುತ್ತಿದ್ದಳು. “ಲೋಹ ಸುಳ್ಳು ಹೇಳಲ್ಲ, ಬರೆಯೋರು ಹೇಳ್ತಾರೆ,” ಎಂದು ಯಾರಾದರೂ ಕೇಳಿದರೆ ಹೇಳುತ್ತಿದ್ದಳು.

ಆ ಶುಕ್ರವಾರ ಮಧ್ಯಾಹ್ನದ ಕ್ರ್ಯಾಂಕು ಅವಳಿಗೆ ಆಮೇಲೆ ಎಷ್ಟು ತಲೆ ಕೆರೆದುಕೊಂಡರೂ ನೆನಪಿಗೆ ಬರಲಿಲ್ಲ. ರಿಜಿಸ್ಟರಿನ ಪ್ರಕಾರ ಅದು ದಿನದ ಮೂವತ್ತೇಳನೆಯದು. ಎಡಗಡೆಯ ಕ್ರ್ಯಾಂಕು. ತುದಿಯಲ್ಲಿ ಪೆಡಲ್ ಸೇರುವ ತೂತಿನ ಪಕ್ಕ ಶೂ ತಿಕ್ಕಿ ಎರಡು ಬೆರಳಿನಗಲ ಕಪ್ಪು ಹೋಗಿತ್ತು. ಹಾಗೆ ಸವೆದವು ವಾರಕ್ಕೆ ಇಪ್ಪತ್ತಾದರೂ ಬರುತ್ತಿದ್ದವು. ಅವಳು ಫೋಟೊ ತೆಗೆದಳು, ಸೀಲು ಒತ್ತಿದಳು, ಬಸ್ಸಿಗೆ ಹೊತ್ತಾಗುತ್ತದೆಂದು ಉಳಿದ ಮೂರನ್ನು ಬೇಗ ಮುಗಿಸಿದಳು.

ನಾಲ್ಕು ತಿಂಗಳ ಮೇಲೆ ಅದೇ ಕ್ರ್ಯಾಂಕು ಎರಡು ತುಂಡಾಗಿ ಪ್ಲಾಸ್ಟಿಕ್ ಚೀಲದಲ್ಲಿ ವಾಪಸು ಬಂತು. ಚೀಲದ ಮೇಲೆ ಕೆಂಪು ಟೇಪು ಇತ್ತು. ಕೆಂಪು ಟೇಪು ಅಂದರೆ ಯಾರಿಗೋ ಪೆಟ್ಟಾಗಿದೆ ಎಂದರ್ಥ. ಜೊತೆಗಿದ್ದ ಚೀಟಿಯಲ್ಲಿ ಸವಾರನ ವಯಸ್ಸೂ ಮುರಿದ ಕಾಲಿನ ವಿವರವೂ ಇತ್ತು. ಅವಳು ದೀಪ ಹತ್ತಿರಕ್ಕೆಳೆದು ಮುರಿದ ಮುಖವನ್ನು ನೋಡಿದಳು. ಭೂತಗನ್ನಡಿ ಬೇಕಾಗಲೇ ಇಲ್ಲ. ಅರ್ಧ ಭಾಗ ಹೊಸದಾಗಿ ಮುರಿದ ಸಕ್ಕರೆ ಅಚ್ಚಿನ ಹಾಗೆ ಹೊಳೆಯುತ್ತಿತ್ತು. ಇನ್ನರ್ಧ ಕಪ್ಪಾಗಿ, ಎಣ್ಣೆ ಕುಡಿದು, ನುಣ್ಣಗಾಗಿತ್ತು. ಹೊಳೆಯುವ ಅರ್ಧ, ಸವಾರ ಬಿದ್ದ ದಿನ ಮುರಿದದ್ದು. ಕಪ್ಪು ಅರ್ಧ ಅದಕ್ಕೂ ಎಷ್ಟೋ ತಿಂಗಳು ಮೊದಲೇ ಸೀಳಿಕೊಂಡು ಬಾಯಿ ಬಿಟ್ಟು ಕೂತಿದ್ದು. ಅಂದರೆ ಇದೇ ಮೇಜಿನ ಮೇಲೆ, ಇದೇ ದೀಪದ ಕೆಳಗೆ ಬಿರುಕು ಇತ್ತು.

ಅವಳು ಫೈಲು ತೆಗೆದಳು. ತಾನೇ ತೆಗೆದ ಫೋಟೊದಲ್ಲಿ, ಸವೆದ ಜಾಗದ ನಡುವೆ, ಕೂದಲೆಳೆಯಷ್ಟು ತೆಳ್ಳನೆಯ ಗೆರೆ. ಕಾಣುತ್ತಿತ್ತು. ಈಗ ಅದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಪಿನ್ನು ಕಿತ್ತು ಲಕೋಟೆಯನ್ನು ಮೊದಲ ಸಲ ಒಡೆದಳು. ದುಂಡಗಿನ ಅಕ್ಷರ, ಅರ್ಧ ಪುಟವಷ್ಟೇ.

‘ಸ್ವಾಮಿ, ನಾನು ಕಟಿಂಗ್ ಶಾಪ್ ಇಟ್ಟಿರುವವನು. ದಿನಾ ಕತ್ತಿ ಮಸೆದು ಅದರ ಅಂಚನ್ನು ಹೆಬ್ಬೆರಳಿನ ಉಗುರಿನ ಮೇಲೆ ನೋಡುವವನು. ನಿಮ್ಮ ಕ್ರ್ಯಾಂಕಿನಲ್ಲಿ ಪೆಡಲ್ ಸೇರುವ ತೂತಿನ ಪಕ್ಕ ಒಂದು ಗೆರೆ ಇದೆ. ಬಣ್ಣ ಹೋದ ಜಾಗದಲ್ಲೇ ಇರುವುದರಿಂದ ಕಣ್ಣಿಗೆ ಗೀರಿನಂತೆ ಕಾಣುತ್ತದೆ. ಆದರೆ ಉಗುರು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಒರೆಸಿದರೆ ಹೋಗುತ್ತದೆ, ಹತ್ತು ನಿಮಿಷಕ್ಕೆ ಒಳಗಿನಿಂದ ಎಣ್ಣೆ ಜಿನುಗಿ ಮತ್ತೆ ಕಪ್ಪಾಗುತ್ತದೆ. ಬಣ್ಣದ ಬಗ್ಗೆ ನನ್ನ ತಕರಾರಿಲ್ಲ, ಓಡಿಸಿದರೆ ಸವೆಯುತ್ತದೆ. ಈ ಗೆರೆಯನ್ನು ಮಾತ್ರ ದಯವಿಟ್ಟು ನೋಡಿ.’

ಓಡಿಸಿದರೆ ಸವೆಯುತ್ತದೆ. ಅವಳದೇ ಮಾತು, ಇನ್ನೊಬ್ಬರ ಕೈಬರಹದಲ್ಲಿ. ಎದ್ದು ಹೋಗಿ ತೊಟ್ಟಿಯ ನಲ್ಲಿ ಬಿಟ್ಟು ಮುಖ ತೊಳೆದುಕೊಂಡಳು. ಆಮೇಲೆ ಚೀಲ, ಫೈಲು ಎರಡನ್ನೂ ಎತ್ತಿಕೊಂಡು ಮಹಡಿ ಹತ್ತಿದಳು.

ಮ್ಯಾನೇಜರು ಕೆಟ್ಟವರೇನಲ್ಲ. ಕೆಲಸದವರ ಮನೆಯಲ್ಲಿ ಕಾಯಿಲೆಯೆಂದರೆ ಕೇಳದೆಯೇ ರಜೆ ಕೊಡುತ್ತಿದ್ದ ಮನುಷ್ಯ.

“ಸರ್, ಇದು ನನ್ನ ತಪ್ಪು,” ಎಂದಳು. ಗೆರೆ ತೋರಿಸಿದಳು, ಕಾಗದ ತೋರಿಸಿದಳು.

ಅವರು ಎದ್ದು ಬಾಗಿಲು ಹಾಕಿ ಬಂದರು. “ಯಾರಿಗೆಲ್ಲ ಹೇಳಿದ್ದೀರಿ?”

“ಯಾರಿಗೂ ಇಲ್ಲ. ನಿಮಗೇ ಮೊದಲು.”

“ಒಳ್ಳೇದಾಯ್ತು. ಕೊನೇನೂ ನಾನೇ ಆಗ್ಲಿ.”

“ಸರ್, ಆ ಮನುಷ್ಯನ ಕಾಲು ಮುರಿದಿದೆ.”

“ಗೊತ್ತು. ನಮ್ಮ ವಕೀಲರು ಆಗಲೇ ಅವನ ಹತ್ತಿರ ಹೋಗಿ ಬಂದಿದ್ದಾರೆ. ಕೂತ್ಕೊಳ್ಳಿ. ನೀವು ತಪ್ಪು ಮಾಡಿದ್ರಿ ಅಂದ್ರೆ ಕ್ರ್ಯಾಂಕಲ್ಲಿ ಬಿರುಕಿತ್ತು ಅಂತಾಯ್ತು. ಬಿರುಕಿತ್ತು ಅಂದ್ರೆ ಮಾಲಲ್ಲೇ ದೋಷ ಅಂತಾಯ್ತು. ಅಂಥ ಮಾಲು ಎಷ್ಟು ಹೊರಗಡೆ ಓಡಾಡ್ತಿದೆ ಅಂತ ನಿಮಗೆ ಗೊತ್ತಾ?”

“ಅದಕ್ಕೇ ಹೇಳ್ತಿರೋದು ಸರ್. ಎಲ್ಲಾ ವಾಪಸು ತರಿಸಬೇಕು.”

ಅವರು ಅವಳ ಮುಖವನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕರುಣೆಯ ಹಾಗಿನದೇನೋ ಇತ್ತು. “ನೋಡಿ, ಇಷ್ಟು ವರ್ಷ ನಿಯತ್ತಾಗಿ ದುಡಿದಿದ್ದೀರಿ. ಕಂಪನಿ ನಿಮ್ಮ ಕೈ ಬಿಡಲ್ಲ. ನಿಮ್ಮ ಸೀಲು ಸರಿಯಾಗೇ ಇದೆ. ಅವನು ಆಮೇಲೆ ಬಂಡೆಗೆ ಗುದ್ದಿದ್ದಾನೆ, ಮುರಿದಿದೆ. ವರದಿ ಹಾಗೇ ಹೋಗುತ್ತೆ.”

“ಮುರಿದ ಮುಖ ನೋಡಿ ಸರ್, ಅರ್ಧ ಕಪ್ಪಾಗಿದೆ.” ಅವಳು ಭೂತಗನ್ನಡಿ ಚಾಚಿದಳು. ಅವರು ಕೈ ಮುಂದೆ ಮಾಡಲಿಲ್ಲ.

“ನನಗೆ ಅದೆಲ್ಲ ಕಾಣಲ್ಲಮ್ಮ. ನಿಮ್ಮ ಕಣ್ಣು ನನಗೆಲ್ಲಿಂದ ಬರಬೇಕು?”

ಮರುದಿನ ಅವಳು ಎಲ್ಲವನ್ನೂ ಕಾಗದದ ಮೇಲೆ ಬರೆದು ಕೊಟ್ಟಳು. ಹದಿನೈದು ದಿನಕ್ಕೆ ಕೇಂದ್ರ ಕಚೇರಿಯಿಂದ ಉತ್ತರ ಬಂತು. ಪರೀಕ್ಷಕಿಯ ಕಳಕಳಿಯನ್ನು ಮೆಚ್ಚಲಾಗಿದೆ. ಸಮಿತಿ ಕೂಲಂಕಷವಾಗಿ ಪರಿಶೀಲಿಸಿ, ಅನುಭವಿ ಪರೀಕ್ಷಕಿ ಮೊದಲು ನೀಡಿದ ತೀರ್ಮಾನವೇ ಸರಿ ಎಂಬ ನಿರ್ಧಾರಕ್ಕೆ ಬಂದಿದೆ. ಅವಳ ಮಾತನ್ನು ಸುಳ್ಳು ಮಾಡಲು ಅವರು ಅವಳ ಮಾತನ್ನೇ ಸಾಕ್ಷಿ ಮಾಡಿದ್ದರು. ಮುರಿದ ತುಂಡುಗಳಿದ್ದ ಚೀಲ ಆ ವಾರದಲ್ಲೇ ಅವಳ ಕಪಾಟಿನಿಂದ ಮಾಯವಾಯಿತು. ಕೇಳಿದರೆ, ದಾಖಲೆಗೆ ಹೋಗಿದೆ ಎಂದರು.

ಅಕ್ಕ ಬಟ್ಟೆ ಮಡಿಸುತ್ತಾ ಪೂರ್ತಿ ಕತೆ ಕೇಳಿದಳು. “ಎಲ್ಲಿ ಮುರಿದಿದೆ?” ಎಂದಳು ಮೊದಲು.

“ಮೊಣಕಾಲು ಚಿಪ್ಪು. ಅದರ ಕೆಳಗಿನ ಎಲುಬೂ ಹೋಗಿದೆಯಂತೆ.”

“ವಯಸ್ಸೆಷ್ಟು?”

“ನಲವತ್ತೊಂದು.”

ಅಕ್ಕ ಒಂದು ದಿಂಬಿನ ಚೀಲವನ್ನು ಮಡಿಸಿ ಮುಗಿಸಿದಳು. “ಇನ್ನು ನಿಂತು ಮಾಡೋ ಕೆಲಸ ಆಗಲ್ಲ ಅವನಿಗೆ.”

“ಅವನು ಕಟಿಂಗ್ ಶಾಪಿನವನು ಕಣೇ.”

“ಹಾಗಾದ್ರೆ ಮುಗೀತು.”

“ಹೋಗಿ ಹೇಳಿ ಬರ್ತೀನಿ ಅಕ್ಕ. ತಪ್ಪು ನನ್ನದು ಅಂತ.”

“ಹೇಳಿದ್ರೆ ನಿನಗೆ ಹಗುರ ಆಗುತ್ತೆ. ಅವನಿಗೆ?”

“ಗೊತ್ತಾಗ್ಬೇಕಲ್ವಾ ಅವನಿಗೆ?”

“ವಾರ್ಡಲ್ಲಿ ನೋಡಿದ್ದೀನಿ ಬಿಡು. ತಪ್ಪಾಯ್ತು ಅಂತ ಹೇಳೋಕೆ ಬರೋ ಡಾಕ್ಟ್ರು ರೋಗಿ ಮುಖ ನೋಡ್ತಿರ್ಲಿಲ್ಲ. ತನ್ನ ಕೈ ನೋಡ್ಕೊಂಡು ಮಾತಾಡ್ತಿದ್ದ.” ಅಷ್ಟು ಹೇಳಿ ಅಕ್ಕ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಒಳಗಿನಿಂದಲೇ, “ಹೋಗೋದಾದ್ರೆ ಬರಿಗೈಲಿ ಹೋಗು. ಹಣ್ಣು ಗಿಣ್ಣು ತಗೊಂಡು ಹೋಗಿ ಅವನ ತಲೆ ಮೇಲೆ ಹೊರಿಸಬೇಡ,” ಎಂದಳು.

ಕಾಗದದಲ್ಲಿದ್ದ ವಿಳಾಸ ಎರಡು ಬಸ್ಸಿನಾಚೆ. ಒಂದು ದಿನ ರಜೆ ಹಾಕಿ ಹೋದಳು. ಸಾಲಾಗಿದ್ದ ಅಂಗಡಿಗಳ ನಡುವೆ ಅಗಲವಿಲ್ಲದ ಒಂದು ಕಟಿಂಗ್ ಶಾಪು. ಎರಡು ಕುರ್ಚಿ, ಉದ್ದದ ಒಂದು ಕನ್ನಡಿ. ಮೊದಲ ಕುರ್ಚಿಯ ಪಕ್ಕ ಅವನ ತಮ್ಮ ನಿಂತು ಯಾರಿಗೋ ಗಡ್ಡ ಹೆರೆಯುತ್ತಿದ್ದ. ಎರಡನೆಯದರ ಪಕ್ಕ ಸ್ಟೂಲಿನ ಮೇಲೆ, ಒಂದು ಕಾಲನ್ನು ನೆಟ್ಟಗೆ ಚಾಚಿಕೊಂಡು, ಅವನು ಕೂತಿದ್ದ. ಎದುರಿಗೆ ನಾಲ್ಕೈದು ವರ್ಷದ ಮಗು. ಕೂತುಕೊಂಡು ಕೈಗೆ ಎಟುಕುವುದು ಮಕ್ಕಳ ತಲೆಯಷ್ಟೇ ಆದ್ದರಿಂದ ಅವನು ಈಗ ಮಕ್ಕಳ ಕಟಿಂಗ್ ಮಾತ್ರ ಮಾಡುತ್ತಿದ್ದ. ಮೂಲೆಯಲ್ಲಿ ಹೊಚ್ಚ ಹೊಸ ಮೌಂಟನ್ ಬೈಕು ಗೋಡೆಗೆ ಒರಗಿತ್ತು. ಹ್ಯಾಂಡಲ್ಲಿಗೆ ಸುತ್ತಿದ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ.

ಮಗುವನ್ನು ಅದರಮ್ಮ ಇಳಿಸಿಕೊಂಡು ಹೋಗುವ ತನಕ ಕಾದು, ಅವಳು ಹತ್ತಿರ ಹೋಗಿ ತಾನು ಯಾರು, ಎಲ್ಲಿಂದ ಬಂದೆ ಎಂದು ಹೇಳಿದಳು.

“ಕಂಪನಿಯವ್ರಾ? ಇನ್ನೇನು ಸಹಿ ಬೇಕಿತ್ತು?” ಎಂದ ಅವನು.

“ಸಹಿಗಲ್ಲ. ನೀವು ಮೊದಲು ಕಳಿಸಿದ್ರಲ್ಲ ಕ್ರ್ಯಾಂಕು, ಅದನ್ನ ನೋಡಿದ್ದು ನಾನು. ಸೀಲು ಹಾಕಿದ್ದೂ ನಾನೇ.”

ಅವನ ಕೈಯಲ್ಲಿದ್ದ ಬಾಚಣಿಗೆ ನಿಂತಿತು. “ನನ್ನ ಕಾಗದ ಓದಿದ್ರಾ?”

ಇದನ್ನೇ ಅವನು ಮೊದಲು ಕೇಳುತ್ತಾನೆಂದು ಅವಳು ಎಣಿಸಿರಲಿಲ್ಲ. ನೀವು ಗೆರೆ ನೋಡಲಿಲ್ಲವೇ ಎಂದು ಕೇಳಿದ್ದರೆ ಕೊಡಲು ಉತ್ತರವಿತ್ತು. “ಇಲ್ಲ,” ಎಂದಳು. “ಮುರಿದು ವಾಪಸು ಬಂದ ಮೇಲೆ ಓದಿದೆ.”

“ಓದಲೇ ಇಲ್ಲ.”

“ಇಲ್ಲ. ತಪ್ಪು ನನ್ನದು. ಅಲ್ಲಿ ಬಿರುಕಿತ್ತು. ನಿಮ್ಮದೇನೂ ತಪ್ಪಿರಲಿಲ್ಲ.”

ತಮ್ಮ ಗಡ್ಡ ಹೆರೆಯುವುದನ್ನು ನಿಲ್ಲಿಸಿ ಕನ್ನಡಿಯಲ್ಲೇ ಇವರನ್ನು ನೋಡುತ್ತಿದ್ದ. ಅಣ್ಣ ಬಾಚಣಿಗೆಯ ಹಲ್ಲುಗಳಿಂದ ಕೂದಲು ಬಿಡಿಸತೊಡಗಿದ. ಬಿಡಿಸುತ್ತಲೇ ಮೆಲ್ಲಗೆ ಮಾತಾಡಿದ.

“ನಿಮ್ಮ ವಕೀಲರು ಆಸ್ಪತ್ರೆಗೇ ಬಂದಿದ್ರು. ಒಳ್ಳೆ ಆಸ್ಪತ್ರೇಲಿ ಆಪರೇಷನ್ ಮಾಡಿಸ್ತೀವಿ, ಹೊಸ ಬೈಕ್ ಕೊಡ್ತೀವಿ, ಇಲ್ಲಿ ಸಹಿ ಹಾಕಿ ಅಂದ್ರು. ಕಾಗದದಲ್ಲಿ ನಾನೇ ಅಜಾಗರೂಕತೆಯಿಂದ ಬಂಡೆಗೆ ಗುದ್ದಿದೆ ಅಂತಿತ್ತು. ಕಾಲು ಬೇಕಿತ್ತು ನನಗೆ. ಹಾಕಿದೆ.” ಅವನು ಉಸಿರೆಳೆದುಕೊಂಡ. “ಸಹಿ ಹಾಕಿದ ಮೇಲೆ, ಹೌದು ನಾನೇ ಗುದ್ದಿದ್ದು ಅಂತ ನಂಬಿಕೊಂಡೆ. ಸುಲಭಕ್ಕೆ ಆಗ್ಲಿಲ್ಲ. ದಿನಾ ಇಲ್ಲಿ ಕೂತು, ಅಲ್ಲೊಂದು ಕಲ್ಲಿತ್ತು, ನಾನು ನೋಡ್ಲಿಲ್ಲ, ಅಂತ ಹೇಳ್ಕೊಂಡು ಹೇಳ್ಕೊಂಡು ಈಗ ಆ ಕಲ್ಲು ಕಣ್ಣಿಗೇ ಕಾಣುತ್ತೆ. ಯಾರ ಮೇಲೂ ಸಿಟ್ಟಿಲ್ಲದೆ ಊಟ ಮಾಡಿ ಮಲಗೋ ಹಾಗಾಗಿದೆ. ಈಗ ನೀವು ಬಂದು ಕಲ್ಲಿರ್ಲಿಲ್ಲ ಅಂತೀರಿ.”

“ನಾನು ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ಬರೆದು ಕೊಡ್ತೀನಿ.”

“ಸಹಿ ಹಾಕಿ ಆಗಿದೆಯಲ್ಲಮ್ಮ. ಬರೆದು ಕೊಟ್ಟಿದ್ದನ್ನ ನಾನೇನು ಮಾಡ್ಲಿ? ಮೊಣಕಾಲಿಗೆ ಕಟ್ಕೊಳ್ಳಲಾ?” ಧ್ವನಿ ಏರಲಿಲ್ಲ. “ಮತ್ತೆ ಬರಬೇಡಿ.”

ಅವಳು ಬಾಗಿಲು ದಾಟುವಾಗ ತಮ್ಮ ಹಿಂದೆಯೇ ಬಂದ. ಬೈಯುತ್ತಾನೆಂದುಕೊಂಡಳು. ಅವನು ಕೈಯಲ್ಲಿದ್ದ ಸೋಪಿನ ನೊರೆಯನ್ನು ರಸ್ತೆಗೆ ಕೊಡವಿ ಒಳಗೆ ಹೋದ, ಅಷ್ಟೆ. ಬಸ್ಸಿನಲ್ಲಿ ಕೂತಾಗ ಅವಳಿಗೆ ತನ್ನ ಎರಡೂ ಕೈ ಮಡಿಲಲ್ಲಿ ಅಂಗಾತ ಬಿದ್ದಿರುವುದು, ಅವನ್ನೇ ತಾನು ನೋಡುತ್ತಿರುವುದು ಅರಿವಿಗೆ ಬಂತು. ಅಕ್ಕನ ಮೇಲೆ ಸಿಟ್ಟು ಬಂತು.

ಅಂದಿನಿಂದ ಅವಳು ಪ್ರತಿ ಲಕೋಟೆ ಒಡೆದು ಓದತೊಡಗಿದಳು. ತುಕ್ಕು ಹಿಡಿದ ಮುಚ್ಚಳವನ್ನು ಸುತ್ತಿಗೆಯಲ್ಲಿ ಬಡಿದು ತೆರೆದು, ಪ್ರತಿ ಕ್ರ್ಯಾಂಕಿಗೂ ಕೆಂಪು ನೀರು ಬಳಿದಳು. ನಲವತ್ತು ಆಗುತ್ತಿದ್ದ ಕಡೆ ಹನ್ನೆರಡು ಆಗತೊಡಗಿತು. ಎರಡು ತಿಂಗಳಲ್ಲಿ ಇನ್ನೂ ಮೂರು ಬಿರುಕು ಸಿಕ್ಕಿದವು. ಮೂರನ್ನೂ ಸದ್ದಿಲ್ಲದೆ ಬದಲಿಸಿ ಕೊಟ್ಟರು. ಕೋಣೆಯಲ್ಲಿ ಪೆಟ್ಟಿಗೆಗಳು ಕಿಟಕಿ ಮುಚ್ಚುವಷ್ಟು ಎತ್ತರ ಬೆಳೆದಾಗ ಮ್ಯಾನೇಜರು ಕೆಳಗಿಳಿದು ಬಂದರು.

“ನಿಮ್ಮಂಥವರನ್ನ ಈ ಕತ್ತೆ ದುಡಿತಕ್ಕೆ ಇಡೋದು ಸರಿಯಲ್ಲ ಅಂತ ಮೇಲಿನೋರಿಗೂ ಅನ್ನಿಸಿದೆ,” ಎಂದರು. “ಇನ್ಮೇಲೆ ಹೊಸಬರಿಗೆ ಕಲಿಸಿ. ನೋಡೋ ಕೆಲಸ ಅವರು ಮಾಡ್ತಾರೆ.”

ಅದಕ್ಕೆಂದೇ ಅಚ್ಚು ಹಾಕಿಸಿದ ಬಣ್ಣದ ಕೈಪಿಡಿ ಬಂತು. ಹತ್ತು ಫೋಟೊ, ಪ್ರತಿ ಫೋಟೊದ ಕೆಳಗೆ ಒಂದೊಂದು ಸಾಲು. ನಾಲ್ಕನೆಯ ಪುಟ ತೆರೆದಾಗ ಅವಳ ಕೈ ಅಲ್ಲೇ ನಿಂತಿತು. ಅವಳೇ ತೆಗೆದ ಫೋಟೊ, ಅದೇ ಎಡಗಡೆಯ ಕ್ರ್ಯಾಂಕು. ಕೆಳಗೆ ‘ಶೂ ತಾಗಿ ಆದ ಮಾಮೂಲಿ ಸವೆತ. ಉತ್ತಮ ಉದಾಹರಣೆ’ ಎಂದಿತ್ತು. ಕೇಂದ್ರ ಕಚೇರಿಯಲ್ಲಿ ಯಾರೋ ಫೈಲುಗಳನ್ನು ಮಗುಚಿ, ಸಮಿತಿಯೇ ಒಪ್ಪಿದ ಪ್ರಕರಣ, ಇದಕ್ಕಿಂತ ಖಚಿತವಾದದ್ದು ಇನ್ನೆಲ್ಲಿ ಎಂದು ಆರಿಸಿದ್ದರು. ಅವಳು ಬದಲಿಸಿ ಎಂದು ಎರಡು ಸಲ ಬರೆದಳು. ಎರಡು ಸಾವಿರ ಪ್ರತಿ ಅಚ್ಚಾಗಿ ಹೋಗಿದೆ ಎಂಬ ಉತ್ತರ ಬಂತು.

ಮೊದಲ ತಂಡದಲ್ಲಿ ಐದು ಜನ. ಅವರಲ್ಲೊಬ್ಬಳು ಮೊದಲು ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಕಡೆ ಕೆಲಸಕ್ಕಿದ್ದವಳು. ಮೂವತ್ತರ ಆಚೀಚಿನ ವಯಸ್ಸು. ಕಾಯಂ ಕೆಲಸ ಸಿಗುತ್ತದೆಂದು ಅದನ್ನು ಬಿಟ್ಟು ಬಂದಿದ್ದಳು. ನಾಲ್ಕನೆಯ ಫೋಟೊ ಬಂದಾಗ ಉಳಿದವರು ಸವೆತ, ಸವೆತ ಎಂದರು. ಅವಳು ಪುಟವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

“ಮೇಡಂ, ಇದು ಸವೆತ ಅಲ್ಲ ಅನ್ಸುತ್ತೆ. ಶೂ ಹಿಂದೆ ಮುಂದೆ ತಿಕ್ಕುತ್ತೆ. ಗೀರೆಲ್ಲ ಹಂಗೇ ಇವೆ. ಈ ಒಂದು ಗೆರೆ ಮಾತ್ರ ಅಡ್ಡ ಹೋಗಿದೆ.”

ಮಾಮೂಲಮ್ಮ ಅವಳ ಪಕ್ಕಕ್ಕೆ ಹೋಗಿ ನಿಂತಳು. ಆ ಕಣ್ಣು ತನ್ನದಕ್ಕಿಂತ ಮೇಲು. ಆ ಶುಕ್ರವಾರ ಮೇಜಿನ ಮುಂದೆ ಈ ಹೆಣ್ಣು ಕೂತಿದ್ದರೆ! “ಸರಿಯಾಗಿ ಹೇಳಿದೆ ನೋಡು,” ಎಂದಳು. “ಇದು ಬಿರುಕು. ಪುಸ್ತಕದಲ್ಲಿ ತಪ್ಪಿದೆ. ಎಲ್ಲರೂ ಬರ್ಕೊಳ್ಳಿ.” ಎಲ್ಲರೂ ಬರೆದುಕೊಂಡರು. ಅಂದು ಎಷ್ಟೋ ದಿನದ ಮೇಲೆ ಅವಳು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಳು.

ತಿಂಗಳ ಕೊನೆಗೆ ಪರೀಕ್ಷೆ. ಪ್ರಶ್ನೆ ಪತ್ರಿಕೆ ಕೇಂದ್ರ ಕಚೇರಿಯದು, ತಿದ್ದುವವರೂ ಅವರೇ. ನಾಲ್ಕನೆಯ ಫೋಟೊ ಅದರಲ್ಲೂ ಇತ್ತು. ಬುದ್ಧಿವಂತರಾದ ನಾಲ್ಕು ಜನ, ಮೇಡಂ ಏನೇ ಹೇಳಲಿ, ತಿದ್ದುವವರ ಕೈಯಲ್ಲಿರುವುದು ಪುಸ್ತಕ ಎಂದು ಲೆಕ್ಕ ಹಾಕಿ ಸವೆತ ಎಂದು ಬರೆದರು. ಹಲ್ಲಿನ ಸೆಟ್ಟಿನವಳು ಒಬ್ಬಳೇ ಬಿರುಕು ಎಂದು ಬರೆದು, ಯಾಕೆಂದು ಎರಡು ಸಾಲು ಕಾರಣವನ್ನೂ ಕೊಟ್ಟಳು. ಸವೆತವನ್ನು ಬಿರುಕು ಎಂದವರು ನೇರವಾಗಿ ಫೇಲು ಎಂಬ ನಿಯಮ ಇತ್ತು. ಕಂಪನಿಗೆ ಅಂಥವರಿಂದಲೇ ನಷ್ಟ. ನಾಲ್ವರು ಪರೀಕ್ಷಕರಾದರು. ಹಲ್ಲಿನ ಸೆಟ್ಟಿನವಳನ್ನು ದಿನಗೂಲಿಯ ಮೇಲೆ ಪ್ಯಾಕಿಂಗಿಗೆ ಹಾಕಿದರು.

ಮಾಮೂಲಮ್ಮ ಮತ್ತೆ ಮಹಡಿ ಹತ್ತಿದಳು. “ಸರ್, ಹಾಗೆ ಹೇಳಿಕೊಟ್ಟವಳು ನಾನು. ಅವಳ ತಪ್ಪಿಲ್ಲ.”

“ಯಾಕೆ ಹೇಳಿಕೊಟ್ರಿ?” ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಿಮಗೆ ಏನೂ ಆಗದ ಹಾಗೆ ನಾನು ನೋಡ್ಕೊಂಡೆ. ಅವಳಿಗೆ ಏನೂ ಆಗದ ಹಾಗೆ ನೀವು ನೋಡ್ಕೋಬೇಕಿತ್ತಲ್ವಾ?”

ಅವಳು ಮೆಟ್ಟಿಲಿಳಿದು ತನ್ನ ಕೋಣೆಗೆ ಹೋದಳು.

ಪ್ಯಾಕಿಂಗಿನವರ ಪಾಳಿ ಸಂಜೆ ಬಿಡುವ ಹೊತ್ತೂ ಮಾಮೂಲಮ್ಮ ಹೊರಡುವ ಹೊತ್ತೂ ಒಂದೇ. ಮೂರು ವಾರ ಇಬ್ಬರೂ ಬಸ್ ನಿಲ್ದಾಣದ ಎರಡು ತುದಿಯಲ್ಲಿ ನಿಂತರು. ಒಂದು ದಿನ ಹಲ್ಲಿನ ಸೆಟ್ಟಿನವಳೇ ಹತ್ತಿರ ಬಂದಳು. ರಟ್ಟಿನ ಅಂಚು ಕುಯ್ದು ಬೆರಳ ತುದಿಗಳಿಗೆಲ್ಲ ಪ್ಲಾಸ್ಟರ್ ಅಂಟಿಸಿಕೊಂಡಿದ್ದಳು.

“ಮೇಡಂ, ಒಂದು ಕೇಳ್ಲಾ? ಆ ನಾಲ್ಕನೇ ಫೋಟೊ ನಿಜವಾಗ್ಲೂ ಬಿರುಕೇ ತಾನೆ?”

“ಬಿರುಕೇ. ಅದು ಮುರಿದು ಒಬ್ಬರ ಕಾಲು ಹೋಯ್ತು.”

“ನನಗೆ ಗೊತ್ತಿತ್ತು.” ಅವಳ ಮುಖದಲ್ಲಿ ಒಂದು ಕ್ಷಣ ಗೆಲುವು ಮೂಡಿ ಆರಿತು. “ಪರೀಕ್ಷೇಲಿ ಬಿರುಕು ಅಂತ ಬರೆದ್ರೆ ಫೇಲ್ ಮಾಡ್ತಾರೆ ಅನ್ನೋದೂ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ಯಾಕೆ ಮೇಡಂ ಹೇಳ್ಲಿಲ್ಲ? ನಾಲ್ಕು ಜನಕ್ಕೆ ತಾವಾಗೇ ಹೊಳೀತು. ನನಗೆ ಒಂದು ಮಾತು ಹೇಳಿದ್ರೆ ಸಾಕಿತ್ತು. ಇಲ್ಲಿ ಸವೆತ ಅಂತ ಬರೀ, ಮನಸ್ಸಲ್ಲಿ ಬಿರುಕು ಅಂತ ಇಟ್ಕೋ ಅಂತ. ಕೆಲಸಕ್ಕೆ ಸೇರಿದ ಮೇಲೆ ನಾನು ನೂರ್ ಬಿರುಕು ಹಿಡೀತಿದ್ದೆ.”

ಹೌದು, ಹಿಡಿಯುತ್ತಿದ್ದಳು. ಆ ಕಣ್ಣು ಈಗ ರಟ್ಟಿನ ಪೆಟ್ಟಿಗೆಗೆ ಟೇಪು ಹಚ್ಚುತ್ತಿತ್ತು. ಒಬ್ಬರಾದರೂ ನಿಜ ಬರೆಯಲಿ ಎಂದು ನಾನು ಬಯಸಿದ್ದೆ, ಅದು ನಿನ್ನ ಕೈಯಿಂದ ಆಗಲಿ ಎಂದು ಕಾದಿದ್ದೆ ಎಂದು ಹೇಗೆ ಹೇಳುವುದು? ನಾನು ಮಾಡಲಾಗದ ಕೆಲಸಕ್ಕೆ ನಿನ್ನ ಹೊಟ್ಟೆಪಾಡನ್ನು ಪಣಕ್ಕಿಟ್ಟೆ ಎಂದು? ಬಸ್ಸು ಬಂತು. ಹಲ್ಲಿನ ಸೆಟ್ಟಿನವಳು ಮುಂದಿನ ಬಾಗಿಲಲ್ಲಿ ಹತ್ತಿದಳು. ಅವಳು ಹಿಂದಿನ ಬಾಗಿಲಲ್ಲಿ ಹತ್ತಿ, ಜಾಗವಿದ್ದರೂ ನಿಂತೇ ಮನೆಗೆ ಹೋದಳು.

ಮುಂದಿನ ತಂಡದಲ್ಲಿ ಆರು ಜನ. ಗಂಡಸೊಬ್ಬ, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇರುವವನು, ಪ್ರತಿಯೊಂದನ್ನೂ ಎರಡೆರಡು ಸಲ ಕೇಳುತ್ತಿದ್ದ. ನಾಲ್ಕನೆಯ ಪುಟ ಬಂತು.

“ಇದು ಏನು?” ಎಂದಳು ಮಾಮೂಲಮ್ಮ.

“ಸವೆತ,” ಎಂದರು ಐವರು.

ಅವನು ಪುಟದ ಹತ್ತಿರ ಬಗ್ಗಿದ. “ಮೇಡಂ, ಇಲ್ಲೊಂದು ಗೆರೆ ಇದೆಯಲ್ಲ?”

ಅವಳು ಅವನ ಮುಖವನ್ನೂ, ಮುಂದೆ ಬಾಗಿದ್ದ ಅವನ ಕುತ್ತಿಗೆಯನ್ನೂ ನೋಡಿದಳು. ಇವನು ಪಾಸಾಗಬೇಕು. ಪಾಸಾದ ಮೇಲೆ ಇವನು ಏನು ನೋಡುತ್ತಾನೆ, ಏನನ್ನು ನೋಡದೆ ಬಿಡುತ್ತಾನೆ ಎಂಬುದು ಅವಳ ಕೈಯಲ್ಲಿರಲಿಲ್ಲ.

“ಸವೆತ,” ಎಂದಳು. “ಸವೆತ ಅಂತಲೇ ಬರ್ಕೋ.”

ಅವನು ಬರೆದುಕೊಂಡ. ಅವಳು ಪುಟ ತಿರುಗಿಸಿದಳು. ಆ ಸಲ ಆರು ಜನವೂ ಪಾಸಾದರು, ಮ್ಯಾನೇಜರು ಅವಳನ್ನು ಕರೆದು ಕೈ ಕುಲುಕಿದರು.